ಹೆಗಲ ಮೇಲಿನ ಕೈ

ಬೆಳಗಿನಿಂದ ದೊಮಿತಿಲಾಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಲೆಯ ಮೇಲಿನ ಬೀನ್ಸ್ ಕಾಳು ತಳ ಹಿಡಿಯಿತು. ಹಾಳಾಗಿ ಹೋಗಲಿ ಎಂದು ಶಾಲು ಹೊದ್ದು ಮತ್ತೆ ಪುರಸಭೆಯ ಕಡೆ ಹೊರಟಳು. "ಏನಜ್ಜಿ, ಗಂಡನ್ನ ನೋಡೋಕೆ ಬಂದ್ಯಾ?" ಎಂದು ಬಾಗಿಲ ಕಾವಲಿನವನು ಹಲ್ಲು ಕಿರಿದ. ಮುದುಕಿ ಅವನನ್ನು ನುಂಗುವಂತೆ ನೋಡಿದಳು.

ಕ್ರಾಂತಿಯ ದಿನಾಚರಣೆಗೆಂದು ಫಿದೆನ್ಸಿಯೊ ಮೇಷ್ಟ್ರು ಊರಿನ ಹಳೆಯ ಹೋರಾಟಗಾರರ ಫೋಟೊಗಳನ್ನೆಲ್ಲ ಹುಡುಕಿ ತಂದು ಪಡಸಾಲೆಯ ಗೋಡೆಗೆ ಹಾಕಿದ್ದರು. ನಡುವಿನ ದೊಡ್ಡ ಫೋಟೊದಲ್ಲಿ ಕುರ್ಚಿಯಲ್ಲಿ ಕೂತ ಗಂಡಸು, ಅವನ ಹೆಗಲ ಮೇಲೆ ಕೈಯಿಟ್ಟು ನಿಂತ ಹೆಂಗಸು. ಇಬ್ಬರ ಎದೆಯ ಮೇಲೂ ಅಡ್ಡಡ್ಡ ಗುಂಡಿನ ಪಟ್ಟಿ. ಕೆಳಗೆ ಅಂಟಿಸಿದ ಚೀಟಿಯಲ್ಲಿ ಮುತ್ತಿನಂಥ ಅಕ್ಷರ: ಕರ್ನಲ್ ಎವೋದಿಯೊ ತಾಪಿಯಾ, ಪತ್ನಿಯೊಂದಿಗೆ.

ಪತ್ನಿಯಂತೆ! ಎವೋದಿಯೊ ದೊಮಿತಿಲಾಳ ದಂಡಿನಲ್ಲಿ ಕಹಳೆ ಊದುತ್ತಿದ್ದವನು. ಕರ್ನಲ್ ಅವಳು. ತೊಡೆಗೆ ಗುಂಡು ಬಿದ್ದವನಿಗೆ ನಿಲ್ಲಲಾಗದೆಂದು ಸ್ಟುಡಿಯೋದ ಒಂದೇ ಕುರ್ಚಿಯನ್ನು ಅವನಿಗೆ ಬಿಟ್ಟಿದ್ದಳು. ಜ್ವರಕ್ಕೆ ಪಕ್ಕಕ್ಕೆ ವಾಲುತ್ತಿದ್ದ, ಬೀಳದಿರಲೆಂದು ಹೆಗಲು ಹಿಡಿದಿದ್ದಳು. ಅಷ್ಟೇ.

ಆದರೆ ಮೊರೆಲೋಸ್ ಸೀಮೆಯ ಯಾವ ಮನೆಗೆ ಹೋದರೂ ಮದುವೆ ಫೋಟೊ ಹೀಗೇ: ಗಂಡ ಕೂತಿರುತ್ತಾನೆ, ಹೆಂಡತಿ ಹೆಗಲ ಮೇಲೆ ಕೈಯಿಟ್ಟು ನಿಂತಿರುತ್ತಾಳೆ. ಮೇಷ್ಟ್ರ ತಪ್ಪಾದರೂ ಏನು?

"ನೀವೇ ಕರ್ನಲ್ಲಾ ಅಂತ ಎವೋದಿಯೊ ಅವರನ್ನೇ ಕೇಳಿದೆ ಅಜ್ಜಿ. ಸುಮ್ಮನಿದ್ರು," ಎಂದರು ಮೇಷ್ಟ್ರು.

ಆ ಸುಮ್ಮನಿದ್ದದ್ದೇ ಅವಳ ಹೊಟ್ಟೆ ಉರಿಸಿದ್ದು. "ನಾ ಸತ್ತ ಮೇಲೆ ಈ ಗೋಡೆ ಮೇಲೆ ಅವನ ಹೆಂಡ್ತಿಯಾಗಿ ನೇತಾಡ್ಲಾ ಮೇಷ್ಟ್ರೇ?" ಎಂದಳು. ಅವರು ವಾದ್ಯದವರನ್ನು ಕರೆಯಲು ಹೋಗಿಬಿಟ್ಟರು.

ಸಭೆ ಸೇರಿತು. ಎವೋದಿಯೊನನ್ನು ಮಗಳು ಎತ್ತಿ ತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದಳು; ಅವನು ತಾನಾಗಿ ಎದ್ದು ನಿಂತು ಯಾವ ಕಾಲವಾಯಿತೋ. ತಲೆಗೆ ಹೊಸ ಟೋಪಿ. ಮಗಳ ಮುಖದಲ್ಲಿ ಅಪ್ಪನ ಬಗ್ಗೆ ಹೆಮ್ಮೆ ತುಂಬಿ ಚೆಲ್ಲುತ್ತಿತ್ತು. ಅದನ್ನು ಕಂಡು, ಕೂಗಾಡಲೆಂದೇ ಬಂದಿದ್ದ ದೊಮಿತಿಲಾ ಹಿಂದೆ ಸರಿದಳು. ಪಾಪ, ಆ ಹುಡುಗಿಯದೇನು? ಹಿಂದಿನ ಕಂಬದ ಹತ್ತಿರ ಅತ್ತಿತ್ತ ಓಡಾಡಿದಳು. ಎವೋದಿಯೊ ಒಮ್ಮೆ ತಿರುಗಿ ಅವಳನ್ನು ನೋಡಿ ತಲೆ ತಗ್ಗಿಸಿದ.

"ನಮ್ಮೂರ ಕರ್ನಲ್..." ಎಂದು ಮೇಷ್ಟ್ರು ಶುರುಮಾಡಿದರು.

ಇನ್ನು ಅವಳಿಗೆ ತಡೆಯಲಾಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವನೆದುರು ನಿಂತಳು. ಕೂಗಲಿಲ್ಲ. ದಂಡಿನ ಕಾಲದ ಗಂಟಲಿನಲ್ಲಿ ಒಂದೇ ಮಾತು ಹೇಳಿದಳು.

"ತಾಪಿಯಾ, ಏಳು."

ಮುದುಕನ ಕೈಗಳು ಕುರ್ಚಿಯ ತೋಳು ಹಿಡಿದವು. ಮಗಳು ಬೇಡವೆನ್ನುವಷ್ಟರಲ್ಲಿ ಅವನು ಎದ್ದಿದ್ದ. ಹಿಮ್ಮಡಿ ಕೂಡಿಸಿ, ಟೋಪಿಯ ಅಂಚಿಗೆ ಕೈಯೊಯ್ದ.

"ಅಪ್ಪಣೆ, ಕರ್ನಲ್."

ಅವನ ಕಣ್ಣಲ್ಲಿ ನೀರು, ಗುಂಡು ಬಿದ್ದ ಕಾಲು ಗಡಗಡ ನಡುಗುತ್ತಿತ್ತು. ಪಕ್ಕಕ್ಕೆ ವಾಲತೊಡಗಿದ.

"ಬೀಳ್ಬೇಡ್ವೋ ಮಾರಾಯ," ಎಂದು ದೊಮಿತಿಲಾ ಅವನ ಹೆಗಲು ಹಿಡಿದಳು.

ಮೇಷ್ಟ್ರು ಅವರಿಬ್ಬರನ್ನು ನೋಡಿದರು, ಗೋಡೆಯ ಮೇಲಿನ ಫೋಟೊ ನೋಡಿದರು. ಆಮೇಲೆ ಹೋಗಿ ಅದರ ಕೆಳಗಿನ ಚೀಟಿಯನ್ನು ಕಿತ್ತರು.