ಮುಸುರೆಯ ಪಾಲು

"ಗಂಡಸಿನ ಮುಂದೆ ಮುಸುರೆ ತಂದಿಡ್ತೀಯೇನೇ, ಬೇವರ್ಸಿ ಮುಂಡೆ?"

ನನ್ನ ಗಂಡ ಪಾತ್ರೆ ಬುಟ್ಟಿಗೆ ಒದ್ದ. ತಳ ಹಿಡಿದ ಅನ್ನದ ಪಾತ್ರೆ ಉರುಳಿಕೊಂಡು ಹೋಗಿ ಹೊಸ್ತಿಲಿಗೆ ಬಡಿಯಿತು. ಈ ಗಂಡಸಿನ ಉದ್ಯೋಗ ಏನು ಅಂತ ಕೇಳಿ. ಬಸ್ ನಿಲ್ದಾಣದ ಎದುರಿನ ಊಟದ ಹೋಟೆಲಿನಲ್ಲಿ ತೊಟ್ಟಿಯ ಮುಂದೆ ನಿಂತು ಊರವರ ಎಂಜಲು ತಟ್ಟೆ ತಿಕ್ಕುತ್ತಾನೆ. ನೀರಿನಲ್ಲೇ ನೆನೆದು ನೆನೆದು ಬೆರಳ ಸಂದಿಯೆಲ್ಲ ಬಿರುಕು ಬಿಟ್ಟಿದೆ. ಅಲ್ಲಿ ಹೋಗದ ಮಾನ ಮನೆಯ ನಾಲ್ಕು ಪಾತ್ರೆ ಕಂಡರೆ ಹೋಗುತ್ತದೆ.

ನಾನು ಕೆಲಸ ಹಂಚಿದ್ದು ಚಟಕ್ಕಲ್ಲ. ಆಫೀಸಿನವರು ಬರುವ ಮೊದಲು ಅವರ ಕಟ್ಟಡದ ಮೆಟ್ಟಿಲು ಒರೆಸಿ ಮುಗಿಸಬೇಕು ಅಂತ ನಾನು ಕತ್ತಲಲ್ಲೇ ಮನೆ ಬಿಡುತ್ತೇನೆ. ಆಮೇಲೆ ಕಸ, ನೀರು, ಮುಸುರೆ, ಅಜ್ಜಿಯ ಬಿಸಿನೀರು, ಎಲ್ಲ ಮಗಳ ತಲೆಗೆ. ಅವಳ ಅಣ್ಣ ಕನ್ನಡಿ ಮುಂದೆ ತಲೆ ಬಾಚುತ್ತಾನೆ. ಅಪ್ಪ ಗೊರಕೆ ಹೊಡೆಯುತ್ತಾನೆ. ಅವಳು ಶಾಲೆ ಮುಟ್ಟುವ ಹೊತ್ತಿಗೆ ಗೇಟು ಹಾಕಿರುತ್ತದೆ.

ಹೆಡ್ ಮೇಡಂ ನನ್ನನ್ನು ಕರೆಸಿದ್ದಳು. ಒಳಗೆ ಬಾ ಅನ್ನಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಎರಡು ತರಗತಿಯ ಮಕ್ಕಳಿಗೂ ಕೇಳುವ ಹಾಗೆ ಹೇಳಿದಳು. "ನಿಮ್ಮಂಥವರಿಗೆ ಓದಿಸೋ ಹುಚ್ಚು ಯಾಕಮ್ಮಾ? ಮನೆಗೆಲಸಕ್ಕೆ ಕಳಿಸು, ನಾಲ್ಕು ಕಾಸಾದ್ರೂ ಬರುತ್ತೆ. ಇನ್ನೊಂದ್ ದಿನ ತಡ ಮಾಡಿದ್ರೆ ಇವಳನ್ನ ಪರೀಕ್ಷೆಗೆ ಕೂರಿಸಲ್ಲ."

ಮಗಳು ತಲೆ ತಗ್ಗಿಸಿ ನಿಂತಿದ್ದಳು. ಕೈಯಿಂದ ಇನ್ನೂ ಪಾತ್ರೆ ಬೂದಿಯ ವಾಸನೆ ಬರುತ್ತಿತ್ತು.

ಅವತ್ತು ಸಂಜೆಯೇ ಎಲ್ಲರನ್ನೂ ಕೂರಿಸಿ ಹೇಳಿದೆ. ನೀರು ಹೊರುವುದು ಮಗನ ಪಾಲು. ಸೊಪ್ಪು ಬಿಡಿಸುವುದು, ಕಾಳು ಆರಿಸುವುದು ಅತ್ತೆಯದು. ಅಡಿಗೆ, ಬಟ್ಟೆ ನನ್ನದು. ಕಸ ಗುಡಿಸಿ ಮಗಳು ಶಾಲೆಗೆ. ಮುಸುರೆ, ಕಸುಬು ಬಲ್ಲವನದು.

ಅದಕ್ಕೇ ಈ ಒದೆತ.

"ನನ್ನ ಮಗನ್ನ ಹೆಂಗಸು ಮಾಡೋಕೆ ಹೊರಟಿದಾಳೆ, ಹಾಳಾದೋಳು" ಎಂದು ಅತ್ತೆ ಮೂಲೆಯಿಂದ ರಾಗ ಎಳೆದಳು.

"ತಿಕ್ಕದ ಪಾತ್ರೇಲಿ ನಾನು ಬೇಯಿಸಲ್ಲ ಅತ್ತೆ. ನಿಮ್ಮ ಮಗ ಗಂಡಸ್ತನಾನೇ ಉಂಡು ಮಲಗಲಿ" ಎಂದೆ.

ಮಾರನೆಯ ದಿನ ಒಲೆ ಹಚ್ಚಲಿಲ್ಲ. ಅವನಿಗೇನು, ಹೋಟೆಲಿನಲ್ಲಿ ಉಳಿದದ್ದು ಸಿಗುತ್ತದೆ. ಆದರೆ ಅವರಮ್ಮ ಹಸಿವು ಹಸಿವು ಅಂತ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಮರುದಿನ ಬೆಳಿಗ್ಗೆ ನಾನು ಬೇಗ ಕೆಲಸ ಮುಗಿಸಿ ಬಂದೆ. ಗಂಡ ಬೈಯುತ್ತಲೇ ಬುಟ್ಟಿ ಎತ್ತಿಕೊಂಡು ಬೀದಿ ನಲ್ಲಿಗೆ ಹೋದ. ಹೋಟೆಲಿನ ಕೈ ಅದು. ಮಗಳಿಗೆ ಒಂದು ಗಂಟೆ ಹಿಡಿಯುವುದನ್ನು ಹಲ್ಲುಜ್ಜುವ ಹೊತ್ತಿನಲ್ಲಿ ಮುಗಿಸಿ ಬಂದ. ಮಗಳು ಜಡೆ ಹೆಣೆದುಕೊಂಡು, ಚೀಲ ಹಾಕಿಕೊಂಡು, ನಡೆದುಕೊಂಡೇ ಶಾಲೆಗೆ ಹೋದಳು. ಅವಳು ಓಡದೆ ಶಾಲೆಗೆ ಹೋದದ್ದನ್ನು ನಾನು ನೋಡಿಯೇ ಇರಲಿಲ್ಲ. ಖುಷಿಗೆ ಕಣ್ಣು ತುಂಬಿತು.

ಆ ವಾರ ಹಾಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಹೋಟೆಲಿನ ಧಣಿ ಅದೇ ಬೀದಿಯಲ್ಲಿ ಬೈಕಿನಲ್ಲಿ ಹಾದುಹೋಗುತ್ತ, ನಲ್ಲಿಯ ಹತ್ತಿರ ತಿಕ್ಕುತ್ತಿದ್ದವನನ್ನು ಕಂಡ. ಹೋಟೆಲಿನಲ್ಲಿ ತಟ್ಟೆ ಎತ್ತುವ ಹೆಂಗಸೊಬ್ಬಳು ನಮ್ಮ ಪಕ್ಕದ ಮನೆಯವಳು. ಮುಂದೆ ನಡೆದದ್ದನ್ನು ಅವಳೇ ಹೇಳಿದಳು.

"ಏನೋ ಲೇ, ಹೆಂಡ್ತಿಗೂ ಮುಸುರೆ ತಿಕ್ತೀಯೇನೋ? ಅಲ್ಲಿ ಪುಕ್ಕಟೆ ತಿಕ್ಕೋನಿಗೆ ಇಲ್ಲಿ ಯಾಕೋ ಸಂಬಳ? ಬಳೆ ತರಿಸ್ಲೇನೋ, ತೊಟ್ಕೊಂಡ್ ತಿಕ್ತೀಯಾ?" ಅಂದನಂತೆ ಧಣಿ. ಅಡಿಗೆಯವರು, ಬಡಿಸುವವರು, ಎಲ್ಲ ನಕ್ಕರಂತೆ. ನನ್ನ ಗಂಡನೂ ನಕ್ಕನಂತೆ.

ಅಲ್ಲಿ ನಕ್ಕವನು ಮನೆಗೆ ಬಂದು ಹಲ್ಲು ಕಡಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ನನ್ನ ಕೆನ್ನೆಗೆ ಬಾರಿಸಿ, ಮಗಳ ಚೀಲ ಕಿತ್ತು ಬೀದಿಗೆ ಎಸೆದ.

"ನಾಳೆಯಿಂದ ಇವಳು ಸ್ಕೂಲಿಗೆ ಹೋಗಂಗಿಲ್ಲ. ಮುಸುರೆ ಇವಳೇ ತಿಕ್ಕಬೇಕು. ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ."

ಮಗಳು ಅಳಲಿಲ್ಲ. ಹೋಗಿ ಪುಸ್ತಕಗಳ ಮಣ್ಣು ಒರೆಸಿ ತಂದಳು. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ.

ಬೆಳಿಗ್ಗೆ ನಾನು ಮೆಟ್ಟಿಲು ಒರೆಸಲು ಹೋಗಲಿಲ್ಲ. ಅವನು ಏಳುವ ಮೊದಲೇ ಅವಳ ಬೆನ್ನಿಗೆ ಚೀಲ ಹಾಕಿ ಕಳಿಸಿದೆ. ಎದ್ದವನು ಮುಸುರೆ ನೋಡಿದ, ಮಗಳ ಚೀಲ ಇಲ್ಲದ ಮೂಲೆ ನೋಡಿದ.

"ನಾನು ಬರೋದ್ರೊಳಗೆ ಅವಳು ಇದನ್ನ ತಿಕ್ಕಿಟ್ಟಿರಬೇಕು. ಇಲ್ದಿದ್ರೆ ಇವತ್ತು ಅವಳ ಹೆಣ ಬೀಳುತ್ತೆ" ಎಂದು ಅಂಗಿ ತೊಟ್ಟು ಹೋದ.

ಮಧ್ಯಾಹ್ನ ನಾನು ಪಾತ್ರೆಗಳನ್ನೆಲ್ಲ ಬುಟ್ಟಿಗೆ ತುಂಬಿ ತಲೆ ಮೇಲೆ ಹೊತ್ತೆ. "ಎಲ್ಲಿಗೇ? ಮನೆ ಮಾನ ತೆಗೀಬೇಡ ಕಣೇ" ಎಂದು ಅತ್ತೆ ಬಾಗಿಲವರೆಗೆ ಬಂದಳು. ಹೋಟೆಲು ಗಿಜಿಗುಡುತ್ತಿತ್ತು. ಮೇಜುಗಳ ನಡುವೆಯೇ ನಡೆದು ಹೋಗಿ, ಅವನು ನಿಂತಿದ್ದ ತೊಟ್ಟಿಗೆ ಬುಟ್ಟಿ ಬೋರಲು ಹಾಕಿದೆ. ನೀರು ಅವನ ಮುಖಕ್ಕೆ ಹಾರಿತು.

"ನಿನ್ನ ಪಾಲು" ಎಂದೆ. "ತಿಕ್ಕು."

ಉಣ್ಣುತ್ತಿದ್ದವರು ಕೈ ತಡೆದು ನೋಡಿದರು. ಗಲ್ಲಾದಿಂದ ಧಣಿ ಹೊಟ್ಟೆ ಹೊತ್ತುಕೊಂಡು ಬಂದ.

"ಯಾವಳೇ ಇವಳು? ಇದೇನ್ ನಿಮ್ಮಪ್ಪನ ಮನೆಯಾ?"

"ನಿಮ್ಮ ಆಳಿನ ಹೆಂಡ್ತಿ. ಮನೇಲಿ ತಿಕ್ಕಿದ್ರೆ ನಗ್ತೀರಂತಲ್ಲ, ಇಲ್ಲೇ ತಿಕ್ಕಲಿ. ಅವನು ತಿಕ್ಕೋವರೆಗೂ ನಾನು ಕದಲಲ್ಲ."

ಧಣಿ ಗಿರಾಕಿಗಳ ಕಡೆ ನೋಡಿದ. ಇಬ್ಬರು ಆಗಲೇ ಎದ್ದು ನಿಂತಿದ್ದರು.

"ಲೇ, ಹಾಳಾಗಿ ಹೋಗ್ಲಿ, ತಿಕ್ಕಿ ಕಳಿಸೋ ಇವಳನ್ನ" ಎಂದ.

"ಆಯ್ತು ಧಣಿ" ಎಂದ ನನ್ನ ಗಂಡ.

ಅಷ್ಟೇ. ಒಂದೇ ಮಾತು. ಬಗ್ಗಿ, ಅನ್ನದ ಪಾತ್ರೆ ಎತ್ತಿಕೊಂಡು ತಳದವರೆಗೆ ಕೈ ಹಾಕಿ ತಿಕ್ಕತೊಡಗಿದ. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ನಾನು ಕೇಳಿದ್ರೆ ಹೋಗೋ ಮಾನ, ಅವನು ಹೇಳಿದ್ರೆ ಹೋಗಲ್ವಾ?" ಎಂದೆ.

ಅವನು ತಲೆ ಎತ್ತಲಿಲ್ಲ. ಹಲ್ಲಿನ ಸಂದಿಯಿಂದ, ನನಗಷ್ಟೇ ಕೇಳುವ ಹಾಗೆ ಅಂದ. "ಸಂಜೆ ಬರ್ತೀನಿ. ನಿನ್ನನ್ನಲ್ಲ, ಮೊದಲು ನಿನ್ನ ಮಗಳನ್ನ ನೋಡ್ಕೋತೀನಿ."

"ಬಾ. ಬರುವಾಗ ಬುಟ್ಟಿ ನೀನೇ ಹೊತ್ಕೊಂಡು ಬಾ."

ಕೈಬೀಸಿಕೊಂಡು ಹೊರಗೆ ಬಂದೆ. ಮನೆಯ ದಾರಿ ಹಿಡಿಯಲಿಲ್ಲ. ನೆಟ್ಟಗೆ ಶಾಲೆಗೆ ಹೋಗಿ ಗೇಟಿಗೆ ಬೆನ್ನು ಕೊಟ್ಟು ಕೂತೆ. ಒಳಗೆ ಪಾಠ ನಡೆಯುತ್ತಿತ್ತು. ಪಕ್ಕದಲ್ಲಿ ಕಟ್ಟಡಕ್ಕೆಂದು ಸುರಿದಿದ್ದ ಕಲ್ಲಿನ ರಾಶಿಯಿಂದ ಕೈಗೆ ಹಿಡಿಯುವಂಥದ್ದೊಂದನ್ನು ಆರಿಸಿ ಮಡಿಲಲ್ಲಿಟ್ಟುಕೊಂಡೆ.