ಹೆಸರಿಲ್ಲದ ಹಳದಿ ಚೀಟಿ

ಕಾಗದದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚೀಟಿ ಮೇಡಂ ಎಂದೇ ಕರೆಯುತ್ತಿದ್ದರು. ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುವುದು ಅವಳ ಉದ್ಯೋಗ. ಹದಿನಾಲ್ಕು ವರ್ಷದಿಂದ ಕ್ಯಾಂಟೀನಿನ ಮೇಲಿನ ಹಾಲ್‌ನಲ್ಲಿ ಕಾರ್ಯಾಗಾರ ನಡೆಸುತ್ತ ಬಂದಿದ್ದಳು. ಮೂರು ಊರುಗಳ ಘಟಕಗಳಿಂದಲೂ ಕೆಲಸಗಾರರು ಸರದಿಯಂತೆ ಅಲ್ಲಿಗೆ ಬರುತ್ತಿದ್ದರು. ಬಂದವರ ಕೈಗೆ ಹಳದಿ ಚೀಟಿ ಕೊಟ್ಟು, ಎಲ್ಲೆಲ್ಲಿ ಅಪಾಯ ಕಂಡಿದ್ದೀರೋ ಬರೆದು ಗೋಡೆಗೆ ಅಂಟಿಸಿ ಎನ್ನುವಳು. ಅವಳ ಕಣ್ಣು ಮಾತ್ರ ಬರೆಯುವವರ ಕಾಲಿನ ಮೇಲೆ. ಏನನ್ನೋ ಮುಚ್ಚಿಡುವವನ ಪಾದ ತಾನಾಗಿ ಕುರ್ಚಿಯಡಿಗೆ ಸರಿಯುತ್ತದೆ ಎಂಬುದು ಅವಳ ಅನುಭವ.

ಆ ವರ್ಷ ಎರಡನೆಯ ಘಟಕದಲ್ಲಿ, ಕಾಗದ ಸುತ್ತುವ ಯಂತ್ರದ ಉರುಳೆಗಳ ನಡುವೆ ತೋಳು ಸಿಕ್ಕಿ ಆಪರೇಟರ್ ಒಬ್ಬ ತೀರಿಕೊಂಡ. ಇಪ್ಪತ್ತು ವರ್ಷ ಅದೇ ಯಂತ್ರದ ಮುಂದೆ ನಿಂತಿದ್ದವನು. ವರದಿಯಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು: ಕೆಲಸಗಾರನ ಅಜಾಗರೂಕತೆ. ಅದಾಗಿ ತಿಂಗಳಿಗೆ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಹಾಲ್ ಇಲ್ಲ. ಮೂರೂ ಊರಿನ ಘಟಕಗಳಿಗೆ ಒಟ್ಟಿಗೇ, ಆನ್‌ಲೈನ್ ಬೋರ್ಡಿನ ಮೇಲೆ ಕಾರ್ಯಾಗಾರ.

"ಕಾಲೇ ಕಾಣದ ಮೇಲೆ ನಾನು ಏನು ನೋಡ್ಲಿ?" ಎಂದು ಅವಳು ನಾದಿನಿಯ ಹತ್ತಿರ ಗೊಣಗಿದಳು.

ನಾದಿನಿ ಶಾಲೆಯ ಟೀಚರು, ಇಂಥ ಬೋರ್ಡಿನಲ್ಲಿ ಪಾಠ ಮಾಡಿ ಪಳಗಿದವಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕಲಿಸಿಕೊಟ್ಟಳು. "ಇಲ್ಲಿ ಒತ್ತಿದ್ರೆ ಚೀಟಿ ಬರುತ್ತೆ ಅತ್ತಿಗೆ. ಬರೆದವರ ಹೆಸರು ಕಾಣಿಸ್ಬೇಕಾ, ಬೇಡ್ವಾ?"

"ಹಾಲ್‌ನಲ್ಲಿ ಕೈಬರಹ ನೋಡೇ ಯಾರದು ಅಂತ ಮೇಸ್ತ್ರಿ ಹಿಡಿದುಬಿಡ್ತಿದ್ದ. ಬೇಡ ಬಿಡು."

"ಯಾರು ಬರೆದ್ರು ಅಂತ ಆಮೇಲೆ ನಿಮಗೂ ಗೊತ್ತಾಗಲ್ಲ, ನೋಡ್ಕೊಳ್ಳಿ."

ಕಾರ್ಯಾಗಾರದ ದಿನ ಪರದೆಯ ತುಂಬ ಕ್ಯಾಮೆರಾ ಮುಚ್ಚಿಕೊಂಡವರ ನಲವತ್ತು ಕರಿ ಚೌಕಗಳು. ಅದರಲ್ಲೊಂದು ಎರಡನೆಯ ಘಟಕದ ಮ್ಯಾನೇಜರರದು. ಅರ್ಧ ಗಂಟೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮೈಕು ಮುಚ್ಚಲು ಮರೆತ ಯಾರೋ, "ಈ ಯಮ್ಮನ ಪಾಠ ಯಾವಾಗ ಮುಗಿಯುತ್ತೋ" ಎಂದದ್ದು ಎಲ್ಲರಿಗೂ ಕೇಳಿಸಿತು.

"ಊಟದ ಹೊತ್ತಿಗೆ ಬಿಡ್ತೀನಪ್ಪ," ಎಂದಳು ಅವಳು. ಅಲ್ಲೊಂದು ಇಲ್ಲೊಂದು ನಗೆ ಕೇಳಿತು. ಆಮೇಲೆ ಚೀಟಿಗಳು ಮೂಡತೊಡಗಿದವು. ನೆಲ ಜಾರುತ್ತದೆ. ಕೈಗವಸು ಹರಿದಿದೆ. ಮೂರನೆಯ ಪಾಳಿಗೆ ಜನ ಸಾಲದು. ಹಾಲ್‌ನಲ್ಲೂ ಕಂಡ ಚೀಟಿಗಳೇ ಇವು. ಅಷ್ಟರಲ್ಲಿ ಹೊಸತೊಂದು ಬಂತು:

'ಸುತ್ತುವ ಯಂತ್ರದ ಕಾವಲು ಬಾಗಿಲು ತೆಗೆದರೆ ಯಂತ್ರ ನಿಲ್ಲಬೇಕು. ನಿಲ್ಲುವುದಿಲ್ಲ. ಬಾಗಿಲಿನ ಸ್ವಿಚ್ಚು ಕೆಲಸ ಮಾಡದಂತೆ ತಂತಿ ಕಟ್ಟಿದೆ.'

ಅದರ ಕೆಳಗೆ: 'ನಮ್ಮ ಘಟಕದಲ್ಲೂ.' ಅದರ ಪಕ್ಕಕ್ಕೆ: 'ಕೆಲಸ ನಿಲ್ಲಬಾರದೆಂದು ಮ್ಯಾನೇಜರೇ ಕಟ್ಟಿಸಿದ್ದು.' ಬೋರ್ಡಿನ ಒಂದು ಮೂಲೆಯಲ್ಲಿ, ಎಲ್ಲದರಿಂದ ದೂರವಾಗಿ, ಕೊನೆಯ ಚೀಟಿ: 'ಕಟ್ಟಿದ್ದು ನಾನು.'

ಹಾಲ್ ಆಗಿದ್ದರೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತುಬಿಡುತ್ತಿದ್ದಳು. ಈಗ ಎಲ್ಲಿ ಹೋಗಿ ಕೂರುವುದು? ತನ್ನ ಫೋನ್ ನಂಬರನ್ನು ಎರಡೆರಡು ಸಲ ಓದಿ ಹೇಳಿದಳು. "ಬರೆದವರು ಯಾರೇ ಆಗಿರಲಿ, ಒಂಟಿಯಾಗಿ ಕೂರಬೇಡಿ. ನನಗೆ ಫೋನ್ ಮಾಡಿ."

ಮೊದಲು ಬಂದದ್ದು ಮ್ಯಾನೇಜರರ ಫೋನು. "ಆ ನಾಲ್ಕು ಚೀಟಿ ಅಳಿಸಿಬಿಡಿ ಮೇಡಂ. ಸುಮ್ನೆ ಯಾರೋ ಕಿಡಿಗೇಡಿಗಳು."

"ಗೋಡೆ ಮೇಲಿನ ಚೀಟಿ ನಾನು ಯಾವತ್ತೂ ಹರಿದಿಲ್ಲ ಸಾರ್. ಅದನ್ನೆಲ್ಲ ಆಗ್ಲೇ ಪ್ರಿಂಟ್ ತೆಗೆದಿದ್ದೀನಿ."

ಸಂಜೆ ಆರಕ್ಕೆ ಇನ್ನೊಂದು ಫೋನು. ಎರಡನೆಯ ಘಟಕದ ಎಲೆಕ್ಟ್ರಿಷಿಯನ್ ಬಿಕ್ಕುತ್ತ ಹೇಳಿದ, "ಕಟ್ಟಲ್ಲ ಅನ್ನಬಹುದಿತ್ತು ಮೇಡಂ. ಅನ್ನಲಿಲ್ಲ." ಹಾಲ್‌ನಲ್ಲಿ ಮೂರು ಸಲ ಅವಳ ಮುಂದೆಯೇ ಕೂತು ಹೋಗಿದ್ದವನು. ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ, ಅವನ ಕಾಲೂ ಏನನ್ನೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹೊರಟು, ಮೂರು ತಾಸು ಬಸ್ಸಿನಲ್ಲಿ ಕೂತು ಅವಳು ಆ ಊರಿಗೆ ಹೋದಳು. ಅವಳೂ ಎಲೆಕ್ಟ್ರಿಷಿಯನ್ನೂ ಕಾರ್ಖಾನೆ ಇನ್‌ಸ್ಪೆಕ್ಟರರ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟರು. ಮುಂದೆ ತನಿಖೆಯಾಯಿತು, ಮೂರೂ ಘಟಕಗಳಲ್ಲಿ ತಂತಿಗಳು ಕಳಚಿದವು, ಮ್ಯಾನೇಜರರ ಮೇಲೆ ಕೇಸು ಬಿತ್ತು, ಎಲೆಕ್ಟ್ರಿಷಿಯನ್ ಕೆಲಸ ಕಳೆದುಕೊಂಡ. ಬೋರ್ಡು ಉಳಿಯಿತು. ಪ್ರತಿ ಕಾರ್ಯಾಗಾರದ ಮಾರನೆಯ ದಿನ ಅವಳು ಒಂದೊಂದು ಘಟಕಕ್ಕೆ ಹೋಗಿ ಕೂರುವುದೂ ರೂಢಿಯಾಯಿತು.

ಆದರೆ ಆ ದಿನ ಕಚೇರಿಯ ಮೆಟ್ಟಿಲಿಳಿದ ಮೇಲೆ ಅವನು, "ಅವರ ಮನೆಗೂ ಹೋಗಬೇಕು," ಎಂದ. ಇಬ್ಬರೂ ಹೋದರು.

ತೀರಿಕೊಂಡವನ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದಳು. ಅಳಲಿಲ್ಲ.

"ತಂತಿ ಕಟ್ಟಿರೋದು ಅವರಿಗೆ ಗೊತ್ತಿತ್ತಾ?"

"ಇಲ್ಲ ಅಕ್ಕ. ಅವರ ಯಂತ್ರಕ್ಕೆ ಹಿಂದಿನ ರಾತ್ರಿಯಷ್ಟೇ ಕಟ್ಟಿದ್ದೆ. ಬಾಗಿಲು ತೆಗೆದ್ರೆ ನಿಲ್ಲುತ್ತೆ ಅಂತಾನೇ ಕೈ ಹಾಕಿರ್ತಾರೆ."

"ಹಾಗಾದ್ರೆ ಅವರ ತಪ್ಪಲ್ಲ."

"ಅಲ್ಲ."

ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ನಿಮ್ಮನ್ನ ಕ್ಷಮಿಸೋದು ಈಗ ನನ್ನ ಕೈಲಾಗಲ್ಲ," ಎಂದಳು. "ಒಳಗೆ ಬನ್ನಿ. ಮಗನದೇ ತಪ್ಪು ಅಂತ ಕಾಗದದಲ್ಲಿ ಬಂದಾಗಿನಿಂದ ಅತ್ತೆ ಯಾರಿಗೂ ಮುಖ ತೋರಿಸಿಲ್ಲ."

ಒಳಕೋಣೆಯಿಂದ ಮುದುಕಿಯನ್ನು ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು.

"ಸ್ವಲ್ಪ ಜೋರಾಗಿ ಹೇಳಿ. ಅವರಿಗೆ ಕಿವಿ ಮಂದ."

ಎಲೆಕ್ಟ್ರಿಷಿಯನ್ ಆ ಕುರ್ಚಿಯ ಮುಂದೆ ಮಂಡಿಯೂರಿ ಕೂತು, ಮೊದಲಿನಿಂದ, ಜೋರಾಗಿ ಹೇಳತೊಡಗಿದ.