ಕರೆದರೆ ಬರುವುದಿಲ್ಲ

ಸಂಕ್ರಾಂತಿ ಕಳೆದು ಮೂರು ದಿನವಾಗಿತ್ತು. ಸಿದ್ದಾಪುರದ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲು, ಇತ್ತ ಬಯಲಿನಲ್ಲಿ ಶುಂಠಿ ಕೀಳುವ ಕೆಲಸ. ಎರಡೂ ಒಟ್ಟಿಗೇ ಬಂದು ಕುಶಾಲನಗರದಲ್ಲಿ ಗೋಣಿಚೀಲಕ್ಕೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತ್ತು. ಸಾಹುಕಾರರ ಗೋದಾಮಿನ ಹಿಂದೆ, ತಗಡಿನ ಮಾಡಿನ ಕೆಳಗೆ, ಹರಿದ ಚೀಲಗಳು ಆಳೆತ್ತರಕ್ಕೆ ಬಿದ್ದಿದ್ದವು. ತುಳಸಿ ಮಂಜು ಕರಗುವ ಮೊದಲೇ ಬಂದು ಕೂತಿದ್ದಳು. ಒಂದೊಂದೇ ಚೀಲವನ್ನು ಒಳಹೊರಗು ಮಾಡಿ ಕೊಡವುವಳು, ಬೆಳಕಿಗೆ ಹಿಡಿದು ತೂತು ಹುಡುಕುವಳು, ದಬ್ಬಣಕ್ಕೆ ಸೆಣಬಿನ ದಾರ ಪೋಣಿಸಿ ತೇಪೆ ಹಾಕುವಳು. ಇಲಿ ಕಡಿದದ್ದಕ್ಕೆ ಒಂದು ಹೊಲಿಗೆ, ಹಮಾಲರ ಕೊಕ್ಕೆ ಎಳೆದದ್ದಕ್ಕೆ ಇನ್ನೊಂದು. ಚೀಲಕ್ಕೆ ಮೂರು ರೂಪಾಯಿ ಕೂಲಿ.

ಪಕ್ಕದಲ್ಲಿ ಕೂತ ಚೋಮಿ ಅವಳದೇ ಕಾಲೊನಿಯವಳು, ಹತ್ತು ವರ್ಷಕ್ಕೆ ಹಿರಿಯಳು. ಅವಳ ಕೈ ನಿಧಾನ, ಬಾಯಿ ಚುರುಕು.

"ಏ ತುಳಸಿ, ನಿನ್ನ ಫೋಟೋ ಊರೂರು ತಿರುಗ್ತಾ ಉಂಟಲ್ಲ! ನಿನ್ನೆ ಮೊಮ್ಮಗಳು ಫೋನಲ್ಲಿ ತೋರಿಸಿದ್ಲು. ಎಂತ ನಗು ಅದು, ಹೆಣ್ಣು ನೋಡ್ಲಿಕ್ಕೆ ಕಳಿಸಿದ ಹಾಗೆ."

"ನಾ ಗಟ್ಟಿ ಮುಖ ಮಾಡ್ಕೊಂಡೇ ಕೂತಿದ್ದೆ ಚೋಮಕ್ಕ. ಟೀಚರಮ್ಮ ನಗ್ಸಿಬಿಟ್ರು."

ಟೀಚರಮ್ಮ ಎಂದರೆ ವಿನುತಾ. ಶನಿವಾರಸಂತೆ ಕಡೆಯ ಹುಡುಗಿ, ಇಲ್ಲಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳೂ ನಾಲ್ಕು ಜನ ಗೆಳತಿಯರೂ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದ್ದರು. ಕಾಲೊನಿಯಲ್ಲಿ ಯಾರಿಗಾದರೂ ಸ್ವಂತ ಉದ್ಯೋಗ ಹಿಡಿಯುವ ಮನಸ್ಸಿದ್ದರೆ ಅವರ ಫೋಟೋ ಹಾಕಿ, ಏನು ಬೇಕು, ಎಷ್ಟು ಬೇಕು ಎಂದು ಬರೆಯುವುದು. ಓದಿದವರು ಕೈಲಾದಷ್ಟು ಕಳಿಸುವುದು. ಬಂದದ್ದನ್ನು ತಿರುಗಿ ಕೊಡಬೇಕಾಗಿಲ್ಲ. ಕಳೆದ ವರ್ಷ ಹೀಗೆಯೇ ಒಬ್ಬಳಿಗೆ ಹಿಟ್ಟು ರುಬ್ಬುವ ಯಂತ್ರ ಬಂದಿತ್ತು. ತುಳಸಿಗೆ ಬೇಕಾದದ್ದು ಗೋಣಿ ಹೊಲಿಯುವ ದೊಡ್ಡ ಮಷೀನು ಮತ್ತು ಹರಿದ ಚೀಲ ಕೊಳ್ಳಲು ಸ್ವಲ್ಪ ಬಂಡವಾಳ. ಹರಿದದ್ದನ್ನು ತಾನೇ ಕೊಂಡು, ಹೊಲಿದು, ತಾನೇ ಮಾರಿದರೆ ಸಾಹುಕಾರರ ಕೂಲಿಗೆ ಕೂರಬೇಕಾಗಿಲ್ಲ. ಎಲ್ಲ ಸೇರಿ ನಲವತ್ತೈದು ಸಾವಿರ.

ಹೊತ್ತು ಏರುವಾಗ ಗೋದಾಮಿನ ಮುಂದೆ ಒಂದು ಜೀಪು ನಿಂತಿತು. ಇಳಿದವನು ನಾಣಯ್ಯ. ಸಿದ್ದಾಪುರದ ಬಳಿಯ ಎಸ್ಟೇಟಿನಲ್ಲಿ ಮೂವತ್ತು ವರ್ಷದಿಂದ ರೈಟರು. ಆಳುಗಳ ಹಾಜರಿ, ಕೆಲಸ, ಬಟವಾಡೆ ಎಲ್ಲ ಅವನ ಕೈಯಲ್ಲಿ. ತುಳಸಿ ಹತ್ತೊಂಬತ್ತು ವರ್ಷ ಅದೇ ಎಸ್ಟೇಟಿನ ಆಳುಗಳ ಲೈನು ಮನೆಯಲ್ಲಿದ್ದು ಅವನ ಸೀಟಿ ಕೇಳಿ ಎದ್ದವಳು.

"ಎಂತ ತುಳಸಿ, ದೊಡ್ಡ ಜನ ಆಗ್ಬಿಟ್ಟಿಯಂತೆ?"

"ಹಾಗೆಂತ ಇಲ್ಲ ರೈಟರೇ. ಕೂತ್ಕೊಳ್ಳಿ, ಗೋಣಿ ಉಂಟಲ್ಲ."

"ಕೂರ್ಲಿಕ್ಕೆ ಪುರಸೊತ್ತಿಲ್ಲ. ಊರಿಗೆ ಹೋದ ಅಸ್ಸಾಮಿನವರು ಅರ್ಧಕ್ಕರ್ಧ ಬರ್ಲೇ ಇಲ್ಲ, ಹಣ್ಣು ನೆಲಕ್ಕೆ ಬೀಳ್ತಾ ಉಂಟು. ಹತ್ತು ಸಾವಿರ ಅಡ್ವಾನ್ಸ್, ಇವತ್ತೇ ಕೈಗೆ. ಬಾ, ಜೀಪು ಹತ್ತು."

"ಅಡ್ವಾನ್ಸ್ ಬೇಡ ರೈಟರೇ."

"ನಮ್ಮದು ಬೇಡ, ಫೋನಿಂದು ಬೇಕು!" ನಾಣಯ್ಯ ನಕ್ಕ. "ಅಲ್ಲ, ಯಾರು ಅವರೆಲ್ಲ? ಊರು ಗೊತ್ತಾ? ಮನೆ ಗೊತ್ತಾ?"

"ನೂರಾರು ಜನ ಅಂತೆ."

"ಹಾಗಾದ್ರೆ ನಿಂಗೆ ನೂರು ಓನರು. ನನಗಾದ್ರೂ ಒಬ್ಬನೇ. ಮಾರಾಯ್ತಿ, ದುಡ್ಡು ಕೊಟ್ಟವ ಸುಮ್ನೆ ಇರ್ತಾನಾ? ಒಂದು ದಿನ ಕರೀತಾನೆ. ನಾನು ಕರೀಲಿಕ್ಕೆ ಜೀಪಾದ್ರೂ ತರ್ತೇನೆ, ಅವರು ಬಸ್ ಚಾರ್ಜೂ ಕೊಡ್ಲಿಕ್ಕಿಲ್ಲ."

ಚೋಮಿ ಬಿದ್ದು ಬಿದ್ದು ನಕ್ಕಳು. ತುಳಸಿಯೂ ನಕ್ಕಳು. ಆದರೆ ಜೀಪು ಹೋದ ಮೇಲೆ ಅವಳ ದಬ್ಬಣ ಎರಡು ಸಲ ಬೆರಳಿಗೆ ಚುಚ್ಚಿತು.

ನಾಣಯ್ಯ ತಮಾಷೆಗೆ ಹೇಳಿದ್ದ. ತುಳಸಿಗೆ ಮಾತ್ರ ಅಡ್ವಾನ್ಸು ತಮಾಷೆಯ ಸಂಗತಿಯಲ್ಲ. ಮದುವೆಯ ಖರ್ಚಿಗೆಂದು ಅವಳ ಗಂಡ ಎಸ್ಟೇಟಿನಿಂದ ತೆಗೆದುಕೊಂಡದ್ದು ಆರು ಸಾವಿರ. ಅದು ತೀರುವಷ್ಟರಲ್ಲಿ ಹೆರಿಗೆಗೆಂದು ಇನ್ನೊಂದು, ಅದು ತೀರುವಷ್ಟರಲ್ಲಿ ಅವನ ಆಸ್ಪತ್ರೆಗೆಂದು ಮತ್ತೊಂದು. ಅಲ್ಲಿ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಸುಮ್ಮನೆ ಕರೆಯುತ್ತಿದ್ದರು, ಅಷ್ಟೆ. ಅಡ್ವಾನ್ಸು ತೀರದವರು ಹೋಗಲೇಬೇಕು. ತಂಗಿಯ ಮದುವೆಯ ದಿನವೂ ಕರೆದರು. ಮಳೆ ಬರುವ ಹಾಗಿದೆ, ಒಣಹಾಕಿದ ಕಾಫಿ ರಾಶಿ ಮಾಡಬೇಕು ಎಂದು. ಹೊಸ ಸೀರೆಯನ್ನು ಮಡಿಸಿಟ್ಟು ಅವಳು ಕಣಕ್ಕೆ ಹೋದಳು. ಆ ದಿನ ಮಳೆಯೇ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ಉಳಿದದ್ದನ್ನೆಲ್ಲ ದುಡಿದು ತೀರಿಸಿ, ನಾಲ್ಕು ವರ್ಷದ ಹಿಂದೆ ಲೈನು ಬಿಟ್ಟು ಇಲ್ಲಿಗೆ ಬಂದಿದ್ದಳು. ಆಮೇಲೆ ಯಾರಿಂದಲೂ ಒಂದು ಕಾಸು ಮುಂಗಡ ಮುಟ್ಟಿದವಳಲ್ಲ.

ಸಂಜೆ ವಿನುತಾ ಸ್ಕೂಟರಿನಲ್ಲಿ ಅವಳ ಮನೆಗೆ ಬಂದಳು. ಮುಖ ಅರಳಿತ್ತು.

"ತುಳಸಕ್ಕ, ಮೂವತ್ತೆಂಟು ಸಾವಿರ ಆಯ್ತು ಕಣಕ್ಕ! ಇನ್ನು ಏಳೇ ಸಾವಿರ."

"ಅವರ ಹೆಸರು ಓದಿ ಟೀಚರಮ್ಮ."

"ಎಲ್ಲಾರ್ದೂನಾ?"

"ಎಲ್ಲಾರ್ದೂ. ಊರು ಸಮೇತ."

ವಿನುತಾ ಓದಿದಳು. ಹುಬ್ಬಳ್ಳಿ, ಬೆಂಗಳೂರು, ಮೈಸೂರು, ದುಬೈ. ಕೆಲವರು ಹೆಸರನ್ನೇ ಕೊಟ್ಟಿರಲಿಲ್ಲ.

"ಹೆಸರು ಹೇಳದವರಿಗೆ ಎಂತ ಕೆಲಸ ಇರ್ಬಹುದು?" ಎಂದು ತುಳಸಿ ಕೇಳಿದಳು.

"ಕೆಲ್ಸ ಏನೂ ಇಲ್ಲ ಕಣಕ್ಕ, ಸುಮ್ನೆ ಕೊಡೋದು."

"ನಾನು ದುಬೈಗೆಲ್ಲ ಹೋಗ್ಲಿಕ್ಕಾಗ್ತದಾ?"

ವಿನುತಾಳಿಗೆ ಆಗ ಹೊಳೆಯಿತು. ಅವಳು ನಗಲಿಲ್ಲ. ಕೊಟ್ಟವರು ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂದು ತಿಳಿಸಿ ಹೇಳಿದಳು, ಎರಡೆರಡು ಸಲ ಹೇಳಿದಳು. ತುಳಸಿ ಎಲ್ಲ ಕೇಳಿಸಿಕೊಂಡು, ಎದ್ದು ಚಹಾ ಸೋಸಿ ಲೋಟ ಅವಳ ಮುಂದಿಟ್ಟಳು.

"ನೀವು ಹೇಳಿದ್ದು ಸರಿ ಇರ್ಬಹುದು. ಆದ್ರೆ ಅವರಿಗೂ ಗೊತ್ತಿರ್ಬೇಕಲ್ಲ? ಬರೀರಿ ಅದ್ರಲ್ಲಿ. ತುಳಸಿ ದುಡ್ಡು ತಗೊಳ್ತಾಳೆ, ಮಷೀನು ಇಡ್ತಾಳೆ, ನಿಯತ್ತಿನಿಂದ ಕೆಲಸ ಮಾಡ್ತಾಳೆ. ಆದ್ರೆ ಕರೆದರೆ ಬರುವುದಿಲ್ಲ. ಒಪ್ಪದವರು ವಾಪಸ್ ತಗೊಳ್ಳಿ."

"ಅಯ್ಯೋ, ಹಂಗೆಲ್ಲ ಬರೆದ್ರೆ ಕೊಡೋರಿಗೆ ಬೇಜಾರಾಗುತ್ತೆ ತುಳಸಕ್ಕ. ಬರೋದೂ ನಿಂತೋಗುತ್ತೆ."

"ನಿಂತ್ರೆ ನಿಲ್ಲಲಿ. ಅದನ್ನು ಬರೀದೆ ನಾನು ಒಂದು ರೂಪಾಯಿ ಮುಟ್ಟೋದಿಲ್ಲ."

ಚಹಾ ಆರಿ ತಣ್ಣಗಾಗುವವರೆಗೆ ವಾದ ನಡೆಯಿತು. ಕೊನೆಗೆ ವಿನುತಾ ಅವಳ ಮಾತನ್ನು ಅವಳ ಮಾತಿನಲ್ಲೇ ಬರೆದು, ಓದಿ ಹೇಳಿ, ಪುಟಕ್ಕೆ ಹಾಕಿದಳು.

ಎರಡು ದಿನ ಒಂದು ಕಾಸೂ ಬರಲಿಲ್ಲ. ದಾನ ಪಡೆಯುವವರಿಗೂ ಇಷ್ಟು ಜಂಬವೇ ಎಂದು ಒಬ್ಬರು ಬರೆದು ತಮ್ಮ ಐನೂರು ಹಿಂದಕ್ಕೆ ಕೇಳಿದರು, ವಿನುತಾ ಕಳಿಸಿದಳು. ಮೂರನೆಯ ದಿನ ಹುಬ್ಬಳ್ಳಿಯ ಹೆಂಗಸೊಬ್ಬರು, "ಖಂಡಿತ ಕರೆಯಂಗಿಲ್ಲವ್ವ" ಎಂದು ಬರೆದು ಇನ್ನೂರು ಕಳಿಸಿದರು. ಇನ್ನೊಬ್ಬರು, "ಈ ಮಾತನ್ನು ನಮ್ಮ ಆಫೀಸಿನಲ್ಲಿ ಹೇಳಲು ನನಗೆ ಧೈರ್ಯ ಸಾಲದು, ನನ್ನ ಪರವಾಗಿ ನೀವು ಹೇಳಿದ್ದಕ್ಕೆ ಸಾವಿರ" ಎಂದು ಬರೆದಿದ್ದರು. ಆಮೇಲೆ ಒಬ್ಬರ ಹಿಂದೊಬ್ಬರು. ವಾರ ತುಂಬುವ ಮೊದಲೇ ನಲವತ್ತೈದು ಸಾವಿರ ಮುಟ್ಟಿತು. ಬೈಪಾಸ್ ರಸ್ತೆಯ ಅಂಗಡಿಯಲ್ಲಿ ಒಂದು ಹಳೆಯ ಮಷೀನು, ಇಪ್ಪತ್ತೆಂಟು ಸಾವಿರಕ್ಕೆ ಮಾತಾಯಿತು. ತುಳಸಿ ಬಾಗಿಲ ಪಕ್ಕ ಜಾಗ ಮಾಡಿ, ಸೌದೆಯನ್ನೆಲ್ಲ ಹಿತ್ತಿಲಿಗೆ ಸಾಗಿಸಿದಳು.

ಮಷೀನು ತರುವ ಹಿಂದಿನ ದಿನ ಮಧ್ಯಾಹ್ನ ವಿನುತಾ ಮತ್ತೆ ಬಂದಳು.

"ಒಳ್ಳೇ ಸುದ್ದಿ ತುಳಸಕ್ಕ. ಮೈಸೂರಿನ ಚಿದಾನಂದ ಅನ್ನೋರು ಫೋನ್ ಮಾಡಿದ್ರು. ಮೊದಲ್ನೇ ವಾರದಲ್ಲೇ ಹತ್ತು ಸಾವಿರ ಕೊಟ್ಟಿದ್ರಲ್ಲ, ಅವ್ರು. ಮಗಳಿಗೆ ಮುಂದಿನ ತಿಂಗಳು ಹೆರಿಗೆಯಂತೆ. ಬಾಣಂತಿ ನೋಡ್ಕೊಳ್ಳೋಕೆ ನಂಬಿಕಸ್ತರು ಸಿಕ್ತಿಲ್ಲ, ನಿಮ್ಮ ತುಳಸಿ ಒಂದು ತಿಂಗಳು ಬಂದಿರ್ತಾರಾ ಅಂತ ಕೇಳಿದ್ರು. ಬೇರೆ ಸಂಬಳ ಕೊಡ್ತಾರಂತೆ."

ತುಳಸಿ ಒರಳಿನ ಮೇಲೆ ಕೂತಳು.

"ನಾ ಬರೆಸಿದ್ದನ್ನು ಓದಿದ್ರಂತಾ?"

"ಇಲ್ವಂತೆ. ಅವ್ರು ಅದಕ್ಕೂ ಮುಂಚೆನೇ ಕೊಟ್ಟಿದ್ರಲ್ಲ."

"ಹಾಗಾದ್ರೆ ಅವರ ತಪ್ಪಿಲ್ಲ. ಹತ್ತು ಸಾವಿರ ವಾಪಸ್ ಕಳಿಸಿ."

"ತುಳಸಕ್ಕ! ಅವ್ರು ಕೆಟ್ಟೋರಲ್ಲ ಕಣಕ್ಕ."

"ಕೆಟ್ಟವರು ಅಂತ ನಾನು ಹೇಳಿದ್ನಾ? ನಾಣಯ್ಯ ರೈಟರೂ ಕೆಟ್ಟವರಲ್ಲ."

ವಿನುತಾ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮಷೀನಿಗೆ ಕೊಟ್ಟ ಮೇಲೆ ಕೈಯಲ್ಲಿ ಏಳೇ ಸಾವಿರ ಉಳಿಯುತ್ತದೆ, ಅದರಲ್ಲಿ ಎಷ್ಟು ಚೀಲ ಬಂದೀತು ಎಂದಳು.

"ಬಂದಷ್ಟು ಬರ್ಲಿ. ಮೊದಲಿಗೆ ಸ್ವಲ್ಪ ಚೀಲ, ಅದನ್ನು ಮಾರಿ ಮತ್ತೆ ಸ್ವಲ್ಪ. ಫೋನ್ ಹಚ್ಚಿ ಕೊಡಿ, ಅವರ ಹತ್ರ ನಾನೇ ಮಾತಾಡ್ತೇನೆ."

ಕೊಟ್ಟವರಲ್ಲಿ ಒಬ್ಬರ ದನಿಯನ್ನು ತುಳಸಿ ಕೇಳಿದ್ದು ಅದೇ ಮೊದಲು. ವಯಸ್ಸಾದ, ಮೆದುವಾದ ದನಿ. ಅವಳು ಎದ್ದು ನಿಂತೇ ಮಾತಾಡಿದಳು.

"ಸಾರ್, ನಾನು ತುಳಸಿ, ಕುಶಾಲನಗರದಿಂದ. ಬರ್ಲಿಕ್ಕಾಗೋದಿಲ್ಲ ಸಾರ್. ನಿಮ್ಮ ದುಡ್ಡು ಟೀಚರಮ್ಮ ಈಗ ಕಳಿಸ್ತಾರೆ."

ಅತ್ತಲಿಂದ ಅವರು ಗಾಬರಿಯಾದರು. "ಅಯ್ಯಯ್ಯೋ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಸುಮ್ಮನೆ ಕೇಳಿದೆ ಅಷ್ಟೆ. ಬರದಿದ್ದರೆ ಬೇಡ. ದುಡ್ಡು ಇಟ್ಕೊಳ್ಳಿ."

"ಕೇಳಿದ್ದು ತಪ್ಪಲ್ಲ ಸಾರ್. ಆದ್ರೆ ಅದನ್ನಿಟ್ಕೊಂಡ್ರೆ, ಇನ್ನು ನೀವು ಕರೀದಿದ್ರೂ ನನಗೆ ಕರೆದ ಹಾಗೇ ಕೇಳ್ತಾ ಇರ್ತದೆ. ನಾನು ಮಷೀನು ತುಳೀಲಿಕ್ಕಾಗೋದಿಲ್ಲ."

"ಆಯ್ತಮ್ಮ," ಎಂದರು ಅವರು. "ಕಳಿಸಿ. ನಾನು ಹಾಗೆ ಯೋಚನೆ ಮಾಡಿರಲಿಲ್ಲ."

ವಿನುತಾ ಫೋನಿನಲ್ಲಿ ಅಂಕಿ ಒತ್ತಿದಳು. ಒತ್ತುವ ಮೊದಲು ಒಮ್ಮೆ ತಲೆಯೆತ್ತಿ ನೋಡಿದಳು. ತುಳಸಿ ಹೂಂ ಎಂದಳು. ಹಣ ಹೋಯಿತು. ಸಿಕ್ಕಿತೆಂದು ಆ ಕಡೆಯಿಂದ ಮೆಸೇಜು ಬರುವವರೆಗೂ ತುಳಸಿ ಪಕ್ಕದಲ್ಲೇ ನಿಂತಿದ್ದಳು.

"ಮುಟ್ಟಿತಾ?"

"ಮುಟ್ತು ಕಣಕ್ಕ. ಥ್ಯಾಂಕ್ಸ್ ಅಂತಾನೂ ಬರೆದಿದ್ದಾರೆ."

ತುಳಸಿ ಒಲೆಯ ಹತ್ತಿರ ಹೋಗಿ, ನೀರಿಗೆ ಚಹಾಪುಡಿ ಹಾಕಿ, ಅಲ್ಲಿಂದಲೇ ಹೇಳಿದಳು:

"ಹೆರಿಗೆ ಆದ ಮೇಲೆ ತಿಳಿಸ್ಲಿಕ್ಕೆ ಬರೀರಿ ಟೀಚರಮ್ಮ. ಕೂಸು ನೋಡ್ಲಿಕ್ಕೆ ಹೋಗಿ ಬರ್ತೇನೆ. ಬೆಳಿಗ್ಗೆ ಹೋಗಿ, ಸಂಜೆ ಬಸ್ಸಿಗೆ ವಾಪಸ್."